ಬೆರಳು ತೆಗಿ

ಸಂತೇಪೇಟೆಯ ಮಂಡಿಯಲ್ಲಿ ಮೂವತ್ತೊಂದು ವರ್ಷ
ಆಲೂಗಡ್ಡೆ ತೂಗಿದವನು ನಾನು.
ಮೂಟೆ ಮುಟ್ಟಿದರೆ ಹೇಳುತ್ತಿದ್ದೆ:
ಇದು ದುದ್ದದ ಕಡೆಯದು, ಇದು ಸಾಲಗಾಮೆ,
ಇದರೊಳಗೆ ಎರಡು ಕಲ್ಲಿದೆ, ಬಿಚ್ಚು.

ಈಗ ನನ್ನನ್ನೇ ತೂಗುವವರು ಬಂದಿದ್ದಾರೆ.
ಆಸ್ಪತ್ರೆಯ ನರ್ಸ್ ಫಿಲೋಮಿನಾ
ನನ್ನ ಫೋನು ಇಸಕೊಂಡು, ಹೆಬ್ಬೆಟ್ಟಲ್ಲೇ ಟಕಟಕ ಒತ್ತಿ
ಒಂದು ಆ್ಯಪು ಹಾಕಿಕೊಟ್ಟಳು.
"ಬೆಳಿಗ್ಗೆ ಒಂದು ಹನಿ ಅಣ್ಣಾ, ಊಟ ಆಗಿ ಎರಡು ಗಂಟೆಗೆ ಒಂದು ಹನಿ.
ಬಂದ ನಂಬರು ಇದರಲ್ಲಿ ಬರಿ.
ನಾನು ಇಲ್ಲಿಂದಲೇ ನೋಡ್ತಿರ್ತೀನಿ."

ಆ್ಯಪಿಗೆ ನಮ್ಮ ಊಟ ಗೊತ್ತಿಲ್ಲ.
ಮುದ್ದೆ ಎಂದರೆ, ಎಷ್ಟು ಕಪ್ ಎನ್ನುತ್ತದೆ.
ಕಪ್ಪಿನಲ್ಲಿ ಯಾವನಾದರೂ ಮುದ್ದೆ ಅಳೆದಾನೆಯೇ?
ಅದು ಅಂಗೈ ಅಳತೆ, ಸರ್ವಮಂಗಳನ ಅಂಗೈ,
ಅದೂ ಅವಳ ಸಿಟ್ಟಿನ ಮೇಲೆ ಹೆಚ್ಚು ಕಮ್ಮಿ.
ಬಸ್ಸಾರು ಎಂದು ಹುಡುಕಿದೆ.
ಬಸ್ಸು ಎಂದಷ್ಟೇ ತಿಳಿದುಕೊಂಡು
"ಪ್ರಯಾಣದಲ್ಲಿದ್ದೀರಾ? ನೀರು ಕುಡಿಯಿರಿ" ಎಂದಿತು.
ಕುಡಿದೆ.

ಆಲೂಗಡ್ಡೆ ಮಾತ್ರ ಅದಕ್ಕೆ ಚೆನ್ನಾಗಿ ಗೊತ್ತು.
ಬೇಯಿಸಿದ್ದು, ಹುರಿದದ್ದು, ಸಿಪ್ಪೆ ಸಮೇತದ್ದು,
ಎಲ್ಲದರ ಪಕ್ಕದಲ್ಲೂ ಒಂದು ಕೆಂಪು ಚುಕ್ಕಿ.
ಮೂವತ್ತೊಂದು ವರ್ಷದ ಅನ್ನ,
ಕೆಂಪು ಚುಕ್ಕಿ.

ಕಳೆದ ಗುರುವಾರ ಹಮಾಲಿ ಕೆಂಚಪ್ಪನ ಮಗಳು ಪಿಯುಸಿ ಪಾಸು.
ಎದುರು ಬೇಕರಿಯಲ್ಲಿ ಎಲ್ಲರಿಗೂ ಹನಿ ಕೇಕು.
ಹೆಸರಿಗೆ ಹನಿ, ತುಂಡು ಇಟ್ಟಿಗೆಯಷ್ಟು,
ಎರಡು ತಿಂದೆ.
ಆಮೇಲೆ ಚುಚ್ಚಿಕೊಂಡರೆ ಇನ್ನೂರ ಅರವತ್ತೆಂಟು.
ಬರೆಯುವಾಗ ಎರಡನ್ನು ಒಂದು ಮಾಡಿದೆ. ಅಷ್ಟೇ.
ಮಂಡಿಯ ಕೈ, ತಾನಾಗಿ ಹೋಯಿತು.
ಫೋನಿನಲ್ಲಿ ಹಸಿರು ಹೂವೊಂದು ಅರಳಿ "ಶಭಾಷ್!" ಎಂದಿತು.
ಫಿಲೋಮಿನಾ ಹೆಬ್ಬೆಟ್ಟು ಎತ್ತಿದ ಚಿತ್ರ ಕಳಿಸಿದಳು.
ಆ ಹೆಬ್ಬೆಟ್ಟು ನೋಡಿ ರಾತ್ರಿ ನಿದ್ದೆ ಹತ್ತಲಿಲ್ಲ.

ಕಬ್ಬಿಣದ ಬಟ್ಟುಗಳ ಕಾಲ ಅದು.
ಸಾಹುಕಾರ ಕಣ್ಸನ್ನೆ ಮಾಡಿದರೆ
ಬಟ್ಟಿನ ತಟ್ಟೆಯ ಅಂಚಿಗೆ ಈ ಬೆರಳು, ಎಡಗೈ ಉಂಗುರದ ಬೆರಳು,
ನೊಣ ಕೂತ ಹಾಗೆ ಕೂರುತ್ತಿತ್ತು.
ಮೂಟೆಗೆ ಒಂದು ಕೇಜಿ ಗಾಳಿಗೆ.
ಗೊರೂರು ಕಡೆಯ ಜವರಮ್ಮ ಅಂತ,
ಮೂರೇ ಮೂಟೆ ತಂದವಳು,
ತಕ್ಕಡಿ ನೋಡಲಿಲ್ಲ, ನನ್ನ ಮುಖ ನೋಡಿದಳು.
"ಬೆರಳು ತೆಗಿ, ಮಗ."
ಕೂಗಲಿಲ್ಲ. ಕೂಸಿನ ಬಾಯಿಂದ ಮಣ್ಣು ಉಗಿಸುವ ದನಿ.
ತೆಗೆದೆ.
ಅವಳು ಹೋದಮೇಲೆ ಮತ್ತೆ ಇಟ್ಟೆ,
ಬೇರೆಯವರ ಮೂಟೆಗೆ. ಈಗ ಸುಳ್ಳೇಕೆ.

ಎಲೆಕ್ಟ್ರಾನಿಕ್ ಕಾಟಾ ಬಂದಮೇಲೆ
ಆ ಬೆರಳಿಗೆ ಕೆಲಸವಿರಲಿಲ್ಲ.
ಚುಚ್ಚಲು ಫಿಲೋಮಿನಾ ಆರಿಸಿದ್ದೂ ಅದನ್ನೇ:
"ಇದಕ್ಕೆ ನೋವು ಕಮ್ಮಿ ಅಣ್ಣಾ."
ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

ಇವತ್ತು ಬೆಳಗಿನ ಐದೂವರೆ.
ಬಿ.ಎಂ. ರಸ್ತೆಯಲ್ಲಿ ಲಾರಿಗಳು ಗೇರು ಬದಲಿಸುತ್ತಿವೆ.
ಚುಚ್ಚಿಕೊಂಡೆ. ಮೀಟರು ಎಣಿಸಿತು,
ಐದು, ನಾಲ್ಕು, ಮೂರು,
ಇನ್ನೂರ ಹನ್ನೊಂದು.
ಎರಡು, ಒಂದು, ಒಂದು. ಹಾಗೇ ಬರೆದೆ.
ಕೆಂಪು. ಹೂವಿಲ್ಲ.

ಗುರುವಾರದ್ದನ್ನೂ ತಿದ್ದಲು ಹೋದೆ.
"ಹಳೆಯ ದಾಖಲೆ ಬದಲಾಯಿಸಲಾಗದು."
ಸರಿ ಹಾಗಾದರೆ, ಇರಲಿ.
ಕೆಳಗೆ ಟಿಪ್ಪಣಿ ಅಂತ ಒಂದು ಸಣ್ಣ ಜಾಗವಿತ್ತು,
ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ:
ಗುರುವಾರ ಬೆರಳಿಟ್ಟಿದ್ದೆ.

ಒಂಬತ್ತಕ್ಕೆ ಫಿಲೋಮಿನಾ ಫೋನು.
"ಬೆರಳಿಟ್ಟಿದ್ದೆ ಅಂದ್ರೆ ಏನಣ್ಣಾ?"
ಬಂದು ಹೇಳ್ತೀನಿ ತಾಯಿ, ಉದ್ದ ಇದೆ, ಎಂದೆ.

ಸರ್ವಮಂಗಳ ತಟ್ಟೆ ತಂದಿಟ್ಟಳು.
ಮುದ್ದೆ ನಿನ್ನೆಗಿಂತ ಚಿಕ್ಕದು.
ಮುಖ ನೋಡಿದೆ.
ಸಿಟ್ಟೋ, ಅಲ್ಲವೋ,
ಇಷ್ಟು ವರ್ಷ ತೂಗಿದವನಿಗೂ ತಿಳಿಯಲಿಲ್ಲ.