ದಾಖಲಾತಿ

ಸೋಮವಾರಪೇಟೆ, ಶನಿವಾರಸಂತೆ ಎಂದು
ಗ್ರಹಗಳ ಹೆಸರಿಟ್ಟುಕೊಂಡೇ ಸೊಪ್ಪು ಮಾರುವ ಜಿಲ್ಲೆ ನಮ್ಮದು,
ಆಕಾಶ ಅಂದರೆ ಬೆಚ್ಚುವವರಲ್ಲ.
ಆದರೂ ಬಾಳೆಲೆಯ ಬಸ್‌ಸ್ಟ್ಯಾಂಡಿನಲ್ಲಿ ಆ ಸಂಜೆ
ಸುಮಿತ್ರ ಫೋನು ಚಾಚಿ
‘ಇದು ನನ್ನ ಕಲ್ಲು ಸಾರ್’ ಅಂದಾಗ
ಕನ್ನಡಕ ಹುಡುಕುವ ನೆಪದಲ್ಲಿ ತಡಮಾಡಿದೆ.

ಕಪ್ಪು ಚೌಕ. ಅದರಲ್ಲೊಂದು ಚುಕ್ಕಿ,
ಕರಿಮೆಣಸಿನ ರಾಶಿಯಲ್ಲಿ ಸಿಪ್ಪೆ ಕಳಚಿದ ಒಂದೇ ಕಾಳಿನಷ್ಟು.

ಹತ್ತನೇ ಕ್ಲಾಸಿನಲ್ಲಿ ದೇಚಮ್ಮ ಟೀಚರ್
ಕರೆಂಟು ಇದ್ದಷ್ಟು ಹೊತ್ತು
ಯಾವುದೋ ದೂರದ ಬೆಟ್ಟದ ದೂರದರ್ಶಕ ಕಳಿಸಿದ ನಾಲ್ಕು ಫೋಟೊ
ಒಂದರ ಹಿಂದೊಂದು ಮಿಟುಕಿಸಿ ತೋರಿಸುತ್ತಿದ್ದರಂತೆ:
ನಿಂತದ್ದು ನಕ್ಷತ್ರ, ಸರಿದದ್ದು ಕಲ್ಲು.
ಎಲ್ಲರೂ ನಿಂತದ್ದನ್ನೇ ನೋಡಿದರು.
ಗಿಡದ ಬುಡದಲ್ಲಿ ಉದುರಿದ ಹಣ್ಣು ಹೆಕ್ಕಿ ಬೆಳೆದ ಕಣ್ಣು ಇವಳದು,
ಸರಿದದ್ದನ್ನು ಕಂಡಿತು.

ಮೊದಲಿಗೆ ಹೆಸರಿಲ್ಲ, ಬರೀ ದಾಖಲೆ, ಅಂದಳು.
ವರ್ಷ. ಆಮೇಲೆ ಒಂದಕ್ಷರ, ಯಾವ ತಿಂಗಳ ಯಾವ ಅರ್ಧವೆಂದು.
ಇನ್ನೊಂದು, ಆ ಅರ್ಧದಲ್ಲಿ ಎಷ್ಟನೆಯದೆಂದು.
ಇಂಗ್ಲಿಷಿನ ಐ ಮಾತ್ರ ಬಳಸರಂತೆ,
ಒಂದರ ಹಾಗೆ ಕಾಣುತ್ತದೆಂದು.
‘ಐ ಅಂದರೆ ನಾನು ಅಲ್ವಾ ಸಾರ್’ ಎಂದು ನಕ್ಕಳು.

ನನಗೆ ನಗು ಬರಲಿಲ್ಲ.
ಕಲ್ಲು ಕಂಡ ಹದಿನೈದು ದಿನಕ್ಕೂ ಲೆಕ್ಕವಿದೆ.
ಇವಳ ಅವ್ವ ನನ್ನ ಮೇಜಿನ ಮುಂದೆ ನಿಂತು
‘ಕಾಫಿ ಹೂ ಬಿಟ್ಟಿತ್ತು, ಒಂಟಿ ಸಲಗ ಲೈನಿನ ಗೋಡೆ ಕೆಡವಿತ್ತು’ ಎಂದಾಗ
ನಾನು ಬರೆದದ್ದು ಜೂನ್ ಒಂದು.
ಎರವರ ಲೈನುಮನೆಯ ಮಕ್ಕಳೆಲ್ಲ ನನ್ನ ಪುಸ್ತಕದಲ್ಲಿ
ಜೂನ್ ಒಂದಕ್ಕೇ ಹುಟ್ಟಿದವರು.

ಕಲ್ಲು ಒಂದು ಸಲ ಕಂಡರೆ ಸಾಲದಂತೆ.
ಸೂರ್ಯನ ಆಚೆ ಹೋಗಿ, ಮರಳಿ, ಮತ್ತೆ ಹೋಗಿ, ಮತ್ತೆ ಮರಳಿ
ದಾರಿ ಖಾತ್ರಿಯಾದ ಮೇಲೆ ಸಂಖ್ಯೆ.
ಬಾರದಿದ್ದವು ಕಳೆದುಹೋದವು.
(ಅಂಥವು ನನಗೆ ಗೊತ್ತು. ಡಿಸೆಂಬರಿನ ಕುಯ್ಲಿಗೆ ಹೋಗಿ
ಮಾರ್ಚಿಗೂ ಬಾರದ ಹೆಸರಿನ ಮೇಲೆ
ಕೆಂಪು ಶಾಯಿ ಎಳೆದವನು ನಾನೇ.)
ಒಂಬತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಇವಳಿಗೆ
ಗೋಣಿಕೊಪ್ಪದ ಆಸ್ಪತ್ರೆಯಲ್ಲಿ ರಾತ್ರಿಪಾಳಿ.

ಇನ್ನು ಹೆಸರು. ಅದಕ್ಕೂ ಕಾಯಿದೆ.
ಹದಿನಾರು ಅಕ್ಷರ ಮೀರಬಾರದು. ಸಾಕಿದ ನಾಯಿಬೆಕ್ಕಿನದು ಬೇಡ.
ಅಂಗಡಿ ಸರಕಿನದು ಕೂಡದು.
ದಂಡನಾಯಕನಾದರೆ ಸತ್ತು ನೂರು ವರ್ಷ ಕಳೆದಿರಬೇಕು
(ಇಲ್ಲಿ ನಾನು ಕೆಮ್ಮಿದೆ, ನಮ್ಮಲ್ಲಿ ವೃತ್ತಕ್ಕೊಬ್ಬರಿದ್ದಾರೆ).
ಕಂಡವರು ತಮ್ಮದೇ ಹೆಸರಿಡುವಂತಿಲ್ಲ.

‘ಬೊಳಚಿ ಅಂತ ಕಳಿಸ್ತೀನಿ ಸಾರ್.’

ಬೊಳಚಿ.
ಅವಳ ಅವ್ವ ಅಂದು ಮೇಜಿನ ಮುಂದೆ ಹೇಳಿದ್ದು ಅದೇ.
ತೀರಿಹೋದ ಅಜ್ಜಿಯ ಹೆಸರು, ಮಗುವಿಗೆ ಬಂದಿತ್ತು.
ಹಾಜರಿ ಕರೆದರೆ ಉಳಿದವರು ನಗುತ್ತಾರೆಂದು,
ಒಳ್ಳೆಯದಕ್ಕೇ, ಆಣೆ ಮಾಡುತ್ತೇನೆ,
ಸುಮಿತ್ರ ಎಂದು ಬರೆದೆ.
ಆ ವಾರದ ಮೂರನೆಯ ಸುಮಿತ್ರ.

‘ಅದು ನಿನ್ನದೇ ಹೆಸರಲ್ವಾ, ಕಾಯಿದೆ...’
‘ನೀವು ಬರೆದಿದ್ರೆ ನನ್ನದಾಗ್ತಿತ್ತು.
ಬರೀಲಿಲ್ಲ. ಖಾಲಿ ಉಳೀತು.’
ಸಿಟ್ಟಿಲ್ಲದೆ ಹೇಳಿದಳು,
ರಕ್ತದೊತ್ತಡ ಓದಿ ಹೇಳುವ ಹಾಗೆ.

ಅರ್ಥವನ್ನೂ ಬರೆಯಬೇಕಂತೆ, ಒಂದೆರಡು ಸಾಲಿನಲ್ಲಿ.
ಏನರ್ಥ, ಕೇಳಿದೆ.
‘ಬೆಳ್ಳಗಿರೋಳು ಅಂತಲೋ ಏನೋ. ಅಜ್ಜಿ ಇದ್ದಿಲು.
ಮರಗೆಣಸು ಸುಡ್ತಿದ್ದಳು, ಜೇನುಹುಳಕ್ಕೆ ಬಯ್ತಿದ್ದಳು.
ರೇಷನ್ ಕಾರ್ಡಿನಲ್ಲಿ ಅವಳದೂ ಬೇರೆ ಯಾರದೋ ಹೆಸರು.
ಇಷ್ಟು ಬರೆದರೆ ಒಪ್ತಾರಾ?’

ನನ್ನನ್ನು ಕೇಳುತ್ತಾಳೆ.
ರಾತ್ರಿ ಲೆಕ್ಕ ಹಾಕಿ ನೋಡಿದ್ದೇನೆ ಆಮೇಲೆ:
ನಾನು ಖಾಲಿ ಉಳಿಸಿದ ಹೆಸರು ಇನ್ನೂ ಎಷ್ಟಿವೆ,
ಅಷ್ಟು ಕಲ್ಲು ಮೇಲೆ ಇವೆಯಂತೆ, ಸಾಲದೆ ಹೋಗುವುದಿಲ್ಲ.
ಇದು ಸಮರ್ಥನೆಯಲ್ಲ.

ಗೋಣಿಕೊಪ್ಪದ ಬಸ್ಸು ತಿರುವಿನಲ್ಲಿ ಕಂಡಿತು.
‘ಇಂಗ್ಲಿಷಲ್ಲಿ ಎಲ್ ಒಂದೋ ಎರಡೋ ಸಾರ್?’
ಜೇಬಿನಲ್ಲಿ ಮೆಣಸಿನ ತೂಕದ ಚೀಟಿಯಿತ್ತು, ಹಿಂಬದಿ ಬೋಳು.
ಮೂವತ್ತೊಂದು ವರ್ಷ ಕೇಳದೆ ಬರೆದ ಕೈ.
‘ಇರು, ಅವ್ವ ಹೇಗೆ ಕರೀತಿದ್ದರೋ ಹಾಗೇ ಹೇಳು.’
ಹೇಳಿದಳು.
ಬಸ್ಸಿನ ಹಾರನ್ನಿನಲ್ಲಿ ನಡುವಿನ ಅಕ್ಷರ ಕೇಳಿಸಲಿಲ್ಲ.
‘ಇನ್ನೊಂದು ಸಲ’ ಅಂದೆ.