ಹಿಡಿಯಾಕ ಏನಿಲ್ಲ

ಅಮಾಸಿ. ಮಗ್ಗಕ್ಕ ರಜಾ.
ದೌಲತ್‌ಬಿ ಬಾಗಿಲಾಗ ನಿಂತು
"ನಡಿ, ಇವತ್ತರ ಹತ್ತೂಣು" ಅಂದಳು.
ಮೂವತ್ತು ವರ್ಷ ಕಿಟಕ್ಯಾಗಿಂದ ನೋಡಿದ್ದ ಗುಡ್ಡ,
ಗುಳೇದಗುಡ್ಡದ ಬೆನ್ನಿಗಿರೋ ಕೆಂಪು ಕಲ್ಲು.

ಮೊದಲ ಆಡಿನ ಜಾಡು, ಕಾರಿಮುಳ್ಳು.
ಆಮ್ಯಾಲೆ ಜಾಡೂ ಕೈಬಿಟ್ಟಿತು.
ಕಲ್ಲಿನ ಮ್ಯಾಲೆ ಕಲ್ಲು, ಯಾರೋ ಅವಸರದಾಗ
ಒಟ್ಟಿ ಹೋದ ಜ್ವಾಳದ ಚೀಲದಂಗ.
ನನ್ನ ಚಪ್ಪಲಿ ಉಂಗುಟ ಕಿತ್ತಿತು;
ಅಕಿ ಸೆರಗಿನ ಪಿನ್ನು ತಗದು ಚುಚ್ಚಿ ಕೊಟ್ಟಳು.
ಸೀಳಿನಾಗ ಮೊಣಕಾಲು ಊರಿ
ಮ್ಯಾಲಿಂದ ಅಕಿ ಕೈ, ಕೆಳಗಿಂದ ನನ್ನ ಬೆನ್ನು,
ನಡುವ ಬುತ್ತಿಗಂಟು.
ಒಂದು ಮಂಗ್ಯಾ ಕುಂತು ನೋಡಿತು
ಸೀರಿ ಉಟ್ಟ ಎರಡು ಹೊಸಾ ಮಂಗ್ಯಾಗಳನ್ನ.

ನೆತ್ತಿ ಬಂತು ಅನ್ನೂದರಾಗ ಗಾಳಿ ಬಂತು.
ಗಿಡ ಇಲ್ಲ, ಗ್ವಾಡಿ ಇಲ್ಲ, ನಿಶಾನಿ ಕಟಗಿ ಸೈತ ಇಲ್ಲ,
ಹಿಡಿಯಾಕ ಏನಂದ್ರ ಏನಿಲ್ಲ.
ನಿಲ್ಲಾಕ ಹೋದೆ, ಸೆರಗು
ನನಗಿಂತ ಮೊದಲ ಬದಾಮಿ ಕಡೆ ಹೊಂಟಿತ್ತು.
ಕುಂತೆ. ಮತ್ತ ಬೋರಲ ಮಲಗಿದೆ
ಕಾದ ಕಲ್ಲಿಗೆ ಗಲ್ಲ ಹಚ್ಚಿ.
ಅಕಿ ನನ್ನ ಹಿಮ್ಮಡ ಹಿಡಕೊಂಡು ನಕ್ಕಳು, ನಕ್ಕs ನಕ್ಕಳು.
ಅಕಿಗೂ ಅಂಜಿಕಿ ಅಂತ ಬೆರಳು ಹೇಳಿದವು.

ಊರು ಕಂಡಿತು, ಖಣದ ಅಂಚಿನಷ್ಟು.
ನಮ್ಮನಿ ಹುಡುಕಿದೆ, ಸಿಗಲಿಲ್ಲ.
ಕಿಟಕಿ ಅಂತೂ ದೂರದ ಮಾತು.
ಬುತ್ತಿ ಬಿಚ್ಚಿದರ ಶೇಂಗಾ ಹಿಂಡಿ
ಬಾಯಿಗಿಂತ ಕಣ್ಣಿಗೇ ಹೆಚ್ಚು ಬಿತ್ತು.

ಇಳದದ್ದು ಕುಂಡಿ ಮ್ಯಾಲೆ.
ಅದನ್ನ ಯಾರಿಗೂ ಹೇಳಬಾರದು ಅಂತ ಆಣಿ ಆಗೇತಿ.

ಮರುದಿನ ಲಾಳಿ ಹಿಡದರ ಅಂಗೈ ಉರೀತಿತ್ತು.
ಕಿಟಕ್ಯಾಗ ಗುಡ್ಡ ಇತ್ತು, ನಾ ನೋಡಲಿಲ್ಲ.
ಓಣಿ ಆಚೆ ದೌಲತ್‌ಬಿ ಮಗ್ಗದ ಸಪ್ಪಳ
ಒಂದ ಸಲ ತಪ್ಪಿತು.
ಅಕಿ ನೋಡಿರಬೇಕು.