ಬೂದಿ ಡಬ್ಬಿ

ಅಂತರಗಂಗೆ ಬೆಟ್ಟದ ಬೆನ್ನಿಗೆ, ತೇರಹಳ್ಳಿ ಹಾದಿಯಲ್ಲಿ,
ಒಂದು ಹಾಸುಬಂಡೆ. ನಮ್ಮ ದಳದವರು ಅದನ್ನು
ಪಿಳ್ಳಪ್ಪನ ಹಾಸಿಗೆ ಅನ್ನುತ್ತಾರೆ.
ಯಾಕೆ ಅಂದರೆ ಮೂರು ಕಥೆ. ಮೂರರಲ್ಲೂ
ಕಾವಲು ಪಿಳ್ಳಪ್ಪನದು, ನಿದ್ದೆಯೂ ಪಿಳ್ಳಪ್ಪನದೇ,
ನಸುಕಿಗೆ ಕೋತಿ ಬಂದು ಅವಲಕ್ಕಿ ಚೀಲ ಹೊತ್ತೊಯ್ದಿತ್ತು.
ದಳದ ಪುಸ್ತಕದಲ್ಲಿ ಮಾತ್ರ ಒಂದೇ ಸಾಲು:
'ಬೆಳಗಿನ ತಿಂಡಿ ಇಲ್ಲ. ಕಾರಣ ಬರೆಯುವುದಿಲ್ಲ.'

ಆ ಪುಸ್ತಕ ಇಷ್ಟು ದಿನ ನನ್ನ ಬೀಗದಲ್ಲಿತ್ತು.
ಅದರ ಮೇಲಿನ ವಿಶ್ವವಿದ್ಯಾಲಯದ ಮೊಹರು
ಎರಡು ಸಲ ಬದಲಾಗಿದೆ, ಅಕ್ಷರ ಹನ್ನೊಂದು ಸಲ.
ಸೈಕಲ್ ಸ್ಟ್ಯಾಂಡಿನ ಪಕ್ಕದ ಕೋಣೆ;
ಹಿಂದೆ ಪ್ರಯೋಗಶಾಲೆಯ ಕಪ್ಪೆಗಳನ್ನು ಇಡುತ್ತಿದ್ದರಂತೆ,
ಮೋಡ ಕವಿದರೆ ಇವತ್ತಿಗೂ ಫಾರ್ಮಾಲಿನ್ ವಾಸನೆ.
ಹದಿನಾಲ್ಕು ಲಾಠಿ, ಅದರಲ್ಲೊಂದು ಸೀಳಿದ್ದು.
ಹಗ್ಗದ ಸುರುಳಿಗಳು; ಒಂದರಲ್ಲಿ ಯಾರೋ ಹಾಕಿದ ಗಂಟು,
ಯಾವ ಗಂಟೆಂದು ಯಾರಿಗೂ ಗೊತ್ತಿಲ್ಲ, ಬಿಚ್ಚಲು ಮನಸ್ಸಿಲ್ಲ.
ಮತ್ತೆ ಹಾಲಿನ ಪುಡಿಯ ಹಳೇ ಡಬ್ಬಿ,
ಮುಚ್ಚಳ ಬಿಗಿಯಲು ಟ್ಯೂಬಿನ ಪಟ್ಟಿ.

ಡಬ್ಬಿಯಲ್ಲಿ ಬೂದಿ.

ನೀನು ನಕ್ಕೆ, ಫರ್ಹಾನಾ. ನಾನೂ ನಕ್ಕಿದ್ದೆ,
ರೇಂಜರ್ ಆಗಿ ಸೇರಿದ ಮೊದಲ ವಾರ.
ಕೆ.ಜಿ.ಎಫ್. ಬಸ್ಸಿನಲ್ಲಿ ಬರುತ್ತಿದ್ದ ಆರೋಗ್ಯದಾಸ್
ತನ್ನ ಅರ್ಧ ತಮಿಳಿನ ಕನ್ನಡದಲ್ಲಿ ಹೇಳಿದ:
'ಕ್ಯಾಂಪ್ ಮುಗೀತಾ, ಒಂದು ಹಿಡಿ ಎತ್ತಿಡು.
ಮುಂದಿನ ಕ್ಯಾಂಪ್ ಬೆಂಕೀಲಿ ಅದನ್ನ ಹಾಕು.
ಆ ಬೆಂಕಿದು ಮತ್ತೆ ಒಂದು ಹಿಡಿ. ಅಷ್ಟೇ.
ನಲವತ್ತು ವರ್ಷ ಆಯ್ತು, ಇದು ಆರಿಲ್ಲ ಗೊತ್ತಾ?'
ಅವರಪ್ಪ ನೆಲದೊಳಗೆ ದುಡಿದವರು.
ಗಣಿಯ ಸೈರನ್ ನಿಂತ ವರ್ಷವೂ ಅವನು ಬೆಟ್ಟಕ್ಕೆ ಬಂದ,
ತಾನೇ ಸೌದೆ ಜೋಡಿಸಿ, ಬೂದಿ ಸುರಿದು, ಕಡ್ಡಿ ಗೀರಿದ.
ಆ ರಾತ್ರಿ ಯಾರೂ ಹಾಡಲಿಲ್ಲ.
ಪಿಳ್ಳಪ್ಪನ ಹಾಸಿಗೆಯ ಮೇಲೆ ಕೂತು
ದೂರದ ಊರದೀಪಗಳನ್ನು ಎಣಿಸಿದೆವು, ಲೆಕ್ಕ ತಪ್ಪಿಸಿಕೊಂಡೆವು.

ಈಗ ಪುಸ್ತಕದಲ್ಲಿ ಇಲ್ಲದ್ದು.
ಕಾಲೇಜು ನೋಡಲು ತಂಡ ಬರುವ ಹಿಂದಿನ ದಿನ
ಮುನಿವೆಂಕಟಮ್ಮ ಕೋಣೆ ಗುಡಿಸಿದಳು,
ಕಿಟಕಿ ಒರೆಸಿದಳು, ಕಪ್ಪಿಟ್ಟ ಹಿತ್ತಾಳೆ ಕಪ್ಪುಗಳನ್ನು ಕಂಡು
ಮನೆಯಿಂದ ಹುಣಸೆಹಣ್ಣು ತಂದಳು.
ನಾನು ಬರುವಾಗ ಒಂಬತ್ತು ಕಪ್ಪು, ಎರಡು ಫಲಕ
ಬಿಸಿಲಿಗೆ ಬೋರಲು ಬಿದ್ದು ಹೊಳೆಯುತ್ತಿದ್ದವು.
'ಎಂತಾ ನೈಸು ಬೂದಿ ಮೇಡಂ!
ಇಂತದ್ದು ಈಗ ಎಲ್ಲಿ ಸಿಗ್ತದೆ, ಎಲ್ರ ಮನೇಲೂ ಗ್ಯಾಸು.'
ಡಬ್ಬಿಯನ್ನೂ ತೊಳೆದಿಟ್ಟಿದ್ದಳು.

ನಾನು ಏನೂ ಅನ್ನಲಿಲ್ಲ. ಅವಳಿಗೂ, ಯಾರಿಗೂ.
ಎರಡು ದಿನ ಕಪ್ಪುಗಳ ಕಡೆ ನೋಡಲಾಗಲಿಲ್ಲ.
ಮೂರನೆಯ ದಿನ ಅವಳ ಮನೆಗೆ ಹೋದೆ.
ಹಿತ್ತಲಲ್ಲಿ ನೀರೊಲೆ, ಮೇಲೆ ಹಂಡೆ,
ಮೊಮ್ಮಗನ ತಲೆಗೆ ನೀರು ಹೊಯ್ಯುತ್ತಿದ್ದಳು.
'ಒಂದು ಡಬ್ಬಿ ಬೂದಿ ಬೇಕಿತ್ತು' ಅಂದೆ.
ಯಾಕೆಂದು ಕೇಳದೆ ಜರಡಿ ಹಿಡಿದು ಕೊಟ್ಟಳು,
ಕಾಫಿಯನ್ನೂ ಕೊಟ್ಟಳು.

ಆರು ವರ್ಷದಿಂದ ಬೆಟ್ಟದ ಮೇಲೆ
ನಾವು ಕೈಯಿಂದ ಕೈಗೆ ದಾಟಿಸಿದ್ದು
ಆ ನೀರೊಲೆಯನ್ನು.
ಬೆಂಕಿ ಮಾತ್ರ ಹಾಗೇ ಹತ್ತಿತು, ಹುಡುಗರು ಹಾಗೇ ಸುಮ್ಮನಾದರು.
ಆರೋಗ್ಯದಾಸ್ ಒಂದು ಸಲ ಬಂದು, ಹಿಡಿ ಸುರಿದು,
ಕಣ್ಣೊರೆಸಿಕೊಂಡ. ಹೊಗೆ ಇರಬಹುದು.
ಅವನಿಗೆ ಹೇಳಬೇಕಿತ್ತು.

ನನಗೆ ಪಾವಗಡಕ್ಕೆ ವರ್ಗವಾಗಿದೆ. ತಗೋ, ಬೀಗದ ಕೈ.
ಎಡಗೈ ಕೊಡು. ಎಡಗೈಯಲ್ಲಿ ಕೊಟ್ಟರೆ, ಇಸ್ಕೊಂಡರೆ
ಅಮ್ಮನಿಂದ ಬೈಸಿಕೊಂಡು ಬೆಳೆದವರು ನಾವಿಬ್ಬರೂ,
ಇಲ್ಲಿ ಮಾತ್ರ ಇದೇ ರೂಢಿ.
ಪುಸ್ತಕದಲ್ಲಿ ಬರೆಯುವುದೋ ಬಿಡುವುದೋ ನಿನಗೆ ಬಿಟ್ಟಿದ್ದು.

ನೀನು ಡಬ್ಬಿ ಅಲ್ಲಾಡಿಸಿ ನೋಡಿದೆ,
ಪಟ್ಟಿ ಮತ್ತೆ ಬಿಗಿದೆ, ಆಮೇಲೆ ಕೇಳಿದೆ:
ಸೀಳಿದ ಲಾಠಿಯನ್ನು ಹದಿನಾಲ್ಕರಲ್ಲಿ
ಸೇರಿಸಬೇಕಾ ಮೇಡಂ, ಬೇಡವಾ?